300 ಕಿಲೋ ಮೀನು, 33 ವರ್ಷದ ನಿಷೇಧ: ಫ್ಲೋರಿಡಾದಲ್ಲಿ ಗೋಲಿಯಾತ್ ಗ್ರೂಪರ್ ಹಿಡಿಯಲು ಬಿಟ್ಟಿದ್ದು ಸರಿಯಾ?

ಹೊನ್ನಾವರದವ (ಈಗ ಜ್ಯುಪಿಟರ್, ಫ್ಲೋರಿಡಾ)

ಇಲ್ಲಿ ಗಾಳ ಹಾಕುವವರಿದ್ದಾರೆ, ಡೈವಿಂಗ್ ಮಾಡುವವರಿದ್ದಾರೆ, ಮೀನನ್ನು ತಟ್ಟೆಯಲ್ಲಿ ಮಾತ್ರ ನೋಡಿದವರೂ ಇದ್ದಾರೆ. ಎಲ್ಲರ ಅಭಿಪ್ರಾಯ ಬೇಕು.

ಗೋಲಿಯಾತ್ ಗ್ರೂಪರ್ ಅಂದರೆ ನಮ್ಮ ಮುರು ಮೀನಿನ ಕುಟುಂಬದ್ದೇ, ಅಟ್ಲಾಂಟಿಕ್ ಕಡಲಿನ ದೈತ್ಯ. ಎರಡು ಮೀಟರ್ ದಾಟಿ ಬೆಳೆಯುತ್ತದೆ. ಗಾಳಕ್ಕೆ ಸಿಕ್ಕ ದಾಖಲೆ ಮೀನು 1961ರಲ್ಲಿ ಫ್ಲೋರಿಡಾದ ಫರ್ನಾಂಡಿನಾ ಬೀಚ್‌ನದು, 308 ಕಿಲೋ. ಮುಳುಗಿದ ಹಡಗು, ಸೇತುವೆಯ ಕಂಬ, ಬಂಡೆಯ ಪೊಟರೆ, ಇಂಥ ಕಡೆ ಠಿಕಾಣಿ. ಮನುಷ್ಯ ಹತ್ತಿರ ಬಂದರೂ ಓಡಿಹೋಗುವುದಿಲ್ಲ. ಹೊಟ್ಟೆಯೊಳಗಿನ ಗಾಳಿ ತುಂಬಿದ ಈಜುಚೀಲದಿಂದ 'ಧುಂ' ಅಂತ ಸದ್ದು ಹೊರಡಿಸಿ ಹೆದರಿಸುತ್ತದೆ, ಅಷ್ಟೇ. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಓಡದೆ ನಿಲ್ಲುವ ಈ ಗುಣವೇ ಅದಕ್ಕೆ ಮುಳುವಾಯಿತು. ಈಟಿಗನ್ನು ಹಿಡಿದು ಇಳಿದವನಿಗೆ ಗುರಿ ತಪ್ಪುವ ಮಾತೇ ಇಲ್ಲ. 1980ರ ದಶಕದ ಕೊನೆಗೆ ಹುಡುಕಿದರೂ ಸಿಗದ ಸ್ಥಿತಿ ಬಂತು. 1990ರಲ್ಲಿ ಫ್ಲೋರಿಡಾ ಮತ್ತು ಅಮೆರಿಕದ ಕೇಂದ್ರ ಸರ್ಕಾರ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದವು. ಬ್ರೆಜಿಲ್ 2002ರಲ್ಲಿ ನಿಲ್ಲಿಸಿತು.

ಈಗ ವಿಷಯಕ್ಕೆ ಬರುತ್ತೇನೆ. 2022ರ ಮಾರ್ಚ್‌ನಲ್ಲಿ ಫ್ಲೋರಿಡಾದ ಮೀನು ಮತ್ತು ವನ್ಯಜೀವಿ ಆಯೋಗ ನಿಷೇಧವನ್ನು ಸ್ವಲ್ಪ ಸಡಿಲಿಸಿತು. 2023ರ ವಸಂತದಲ್ಲಿ ಮೊದಲ ಹಂಗಾಮು. ಲಾಟರಿ ಎತ್ತಿ ಪರವಾನಗಿ ಕೊಡುತ್ತಾರೆ. ಒಟ್ಟು 200 ಮೀನು, ಅದರಲ್ಲಿ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಿಂದ 50ಕ್ಕಿಂತ ಹೆಚ್ಚಿಲ್ಲ. ಮಾರ್ಚ್‌ನಿಂದ ಮೇವರೆಗೆ, ಗಾಳದಿಂದ ಮಾತ್ರ. ಮೀನು 24ರಿಂದ 36 ಇಂಚು ಉದ್ದ ಇರಬೇಕು, ಅಂದರೆ ಸುಮಾರು 61ರಿಂದ 91 ಸೆಂಟಿಮೀಟರ್. ಈ ರಾಜ್ಯದವರಿಗೆ 150 ಡಾಲರ್, ಹೊರಗಿನವರಿಗೆ 500. ಕೇಂದ್ರದ ಸುಪರ್ದಿಯ ನೀರಿನಲ್ಲಿ ನಿಷೇಧ ಹಾಗೇ ಇದೆ. ನಾನಿರುವ ಆಗ್ನೇಯ ಕರಾವಳಿಯಲ್ಲೂ ಹಿಡಿಯುವಂತಿಲ್ಲ.

ನನ್ನ ತಕರಾರು ಒಂದೇ. 91 ಸೆಂಟಿಮೀಟರಿನ ಗೋಲಿಯಾತ್ ಇನ್ನೂ ಮರಿ. ಒಮ್ಮೆಯೂ ಮೊಟ್ಟೆ ಇಡದ ಮೀನನ್ನೇ ಹುಡುಕಿ ಹಿಡಿಯಿರಿ ಅಂತ ಸರ್ಕಾರವೇ ಚೀಟಿ ಕೊಡುವುದು ಎಂಥ ರಕ್ಷಣೆ?

ಟಾಂಪಾ ಗಾಳ

ಸರ್, ನೀವು ಅದನ್ನು ನೀರೊಳಗಿಂದ ನೋಡುತ್ತೀರಿ. ನಾನು ಮೇಲಿಂದ ನೋಡುತ್ತೇನೆ. ಮೇಲಿಂದ ಕಾಣುವುದು ಏನು ಗೊತ್ತಾ? ಒಳ್ಳೆ ಸ್ನ್ಯಾಪರ್ ಗಾಳಕ್ಕೆ ಬಿದ್ದಿರುತ್ತದೆ. ಅರ್ಧ ದಾರಿ ಮೇಲೆ ಬಂದಿರುತ್ತದೆ. ಒಂದು ಜಗ್ಗು, ನೂಲು ಸಡಿಲ. ತಲೆ ಮಾತ್ರ ಕೈಗೆ ಬರುತ್ತದೆ. ಕೆಲವು ಸಲ ಅದೂ ಇಲ್ಲ.

ಕೆಲವು ಮುಳುಗಿದ ಹಡಗುಗಳ ಮೇಲೆ ಗಾಳ ಇಳಿಸುವುದನ್ನೇ ಬಿಟ್ಟಿದ್ದೇನೆ. ಡೀಸೆಲ್, ಐಸ್, ಗಾಳದ ಎರೆ ಎಲ್ಲ ನಮ್ಮದು, ಊಟ ಅದರದ್ದು. ನಮ್ಮ ಮಾಮೂಲಿ ಬೋಟಿನ ಕ್ಯಾಪ್ಟನ್ ಈ ಮೀನಿನ ಹೆಸರು ಕೇಳಿದರೆ ಉರಿದು ಬೀಳುತ್ತಾನೆ. ಬಂಡೆಯ ಮೇಲಿನ ಸ್ನ್ಯಾಪರ್, ಸಣ್ಣ ಗ್ರೂಪರ್ ಎಲ್ಲ ಇದೇ ತಿಂದು ಮುಗಿಸುತ್ತಿದೆ ಅಂತ ಅವನ ವಾದ. ನನಗೂ ಹಾಗೇ ಅನಿಸುತ್ತದೆ.

33 ವರ್ಷ ಕಾದಿದ್ದೇವೆ. ಮೀನು ವಾಪಸ್ ಬಂದಿದೆ. ಇಡೀ ರಾಜ್ಯಕ್ಕೆ 200 ಅಂದರೆ ಏನೂ ಅಲ್ಲ. ಇಷ್ಟಕ್ಕೂ ಬಿಡಬಾರದು ಅಂದರೆ, ಗಾಳದವರು ಮುಂದಿನ ನಿಷೇಧಕ್ಕೆ ಯಾಕೆ ಸಹಕರಿಸಬೇಕು?

ಕಾಂಡ್ಲಾ

ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವಳು. ಗ್ರೂಪರ್ ಬಗ್ಗೆ ಓದುವುದು ಒಂಥರಾ ಹುಚ್ಚು. ಉತ್ತರ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ಮೊದಲು ಟಾಂಪಾದವರ ಮಾತಿಗೆ ಬರುತ್ತೇನೆ. ಗಾಳದ ಮೀನನ್ನು ಕಸಿಯುತ್ತದೆ ಅನ್ನುವುದು ನಿಜ. ಅದರಿಂದ 'ಬಂಡೆ ಖಾಲಿ ಮಾಡುತ್ತದೆ' ಅಂತ ಆಗುವುದಿಲ್ಲ. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಕ್ರಿಸ್ಟೋಫರ್ ಕೊನಿಗ್, ಫೆಲಿಷಿಯಾ ಕೋಲ್ಮನ್ ಮತ್ತು ಅವರ ಜೊತೆಯವರು ಬಹಳ ವರ್ಷ ಇದರ ಹಿಂದೆ ಬಿದ್ದಿದ್ದರು. ಮೀನನ್ನು ಕೊಲ್ಲದೆ ಹೊಟ್ಟೆಯಲ್ಲಿದ್ದುದನ್ನು ತೆಗೆದು ನೋಡಿದರು. ಸಿಕ್ಕಿದ್ದು ಹೆಚ್ಚಾಗಿ ಏಡಿ. ಜೊತೆಗೆ ನಿಧಾನಕ್ಕೆ ಈಜುವ ತಳದ ಮೀನು, ಮುಳ್ಳು ಮೈಯ ಬರ್‌ಫಿಶ್, ಇಂಥವು. ಸ್ನ್ಯಾಪರ್, ಗ್ರೂಪರ್ ತೀರಾ ಅಪರೂಪ. ಮೈ ದೊಡ್ಡದು, ಬಾಯಿ ದೊಡ್ಡದು, ಆದರೆ ಅಟ್ಟಿಸಿಕೊಂಡು ಹೋಗುವ ಬೇಟೆಗಾರ ಅಲ್ಲ. ಬಾಯಿ ತಟ್ಟನೆ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುವುದು ಅದರ ರೀತಿ. ಆರೋಗ್ಯವಾಗಿರುವ ಸ್ನ್ಯಾಪರ್ ಅದರ ಮೂಗಿನ ಮುಂದೆಯೇ ಓಡಾಡಿಕೊಂಡಿರುತ್ತದೆ. ಅದೇ ಸ್ನ್ಯಾಪರ್ ಗಾಳಕ್ಕೆ ಸಿಕ್ಕಿ ಒದ್ದಾಡಿದರೆ ಕಥೆ ಬೇರೆ. ಅಂದರೆ ಕಳ್ಳತನ ಕಲಿಸಿದ್ದು ನೂಲು.

ಇನ್ನು ಹುಟ್ಟು, ಬೆಳವಣಿಗೆ. ನನ್ನ ಪ್ರಕಾರ ಇಡೀ ಚರ್ಚೆ ನಿಲ್ಲಬೇಕಾದ್ದು ಇಲ್ಲೇ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದೊಡ್ಡ ಮೀನುಗಳು ಗೊತ್ತಾದ ಕೆಲವೇ ಜಾಗಗಳಲ್ಲಿ ಒಟ್ಟು ಸೇರುತ್ತವೆ. ಕೆಲವು ನೂರು ಕಿಲೋಮೀಟರಿಗೂ ದೂರದಿಂದ ಬರುತ್ತವೆ. ಅಮಾವಾಸ್ಯೆಯ ಆಸುಪಾಸಿನ ಕತ್ತಲ ರಾತ್ರಿ ಮೊಟ್ಟೆ ಬಿಡುತ್ತವೆ. ನೀರೊಳಗೆ ಮೈಕ್ ಇಟ್ಟು ಕೇಳಿದವರಿಗೆ ಈ ಹಂಗಾಮಿನಲ್ಲಿ ನಡುರಾತ್ರಿ ದಾಟಿದ ಮೇಲೆ ಆ 'ಧುಂ' ಸದ್ದು ಜಾಸ್ತಿ ಕೇಳಿಸಿದೆ. ಕತ್ತಲೇ ಯಾಕೆ ಅಂದರೆ, ಹಗಲು ಮೊಟ್ಟೆ ತಿನ್ನಲು ಸಣ್ಣ ಮೀನಿನ ಹಿಂಡು ಕಾದಿರುತ್ತದೆ, ಅದನ್ನು ತಪ್ಪಿಸಲು ಅನ್ನುವುದು ವಿಜ್ಞಾನಿಗಳ ಊಹೆ.

ಮೊಟ್ಟೆಯಿಂದ ಬಂದ ಲಾರ್ವಾ 30ರಿಂದ 80 ದಿನ ಕಡಲಲ್ಲಿ ತೇಲುತ್ತದೆ. ಆಮೇಲೆ ದಡಕ್ಕೆ ಬಂದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಳೆತ ಎಲೆಗಳ ನಡುವೆ ಸೇರಿಕೊಳ್ಳುತ್ತದೆ. ಆಗ ಅದರ ಉದ್ದ ಒಂದೂವರೆ ಸೆಂಟಿಮೀಟರ್ ಇರಬಹುದು. ಅಲ್ಲಿಂದ ಮುಂದೆ ಐದಾರು ವರ್ಷ ಅದೇ ಕಾಂಡ್ಲಾ ಬೇರುಗಳ ಅಡಿಯಲ್ಲಿ ವಾಸ. ಸುಮಾರು ಒಂದು ಮೀಟರ್ ಆದ ಮೇಲೆ ಹೊರಗಿನ ಬಂಡೆಗಳಿಗೆ ಹೊರಡುತ್ತದೆ. ಗಂಡು 115 ಸೆಂಟಿಮೀಟರ್ ಹೊತ್ತಿಗೆ, ಹೆಣ್ಣು 120ರಿಂದ 135ರ ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ. ಇಲ್ಲಿಯವರೆಗೆ ವಯಸ್ಸು ಲೆಕ್ಕ ಹಾಕಿದ ಮೀನುಗಳಲ್ಲಿ ಅತಿ ಹಿರಿಯದು 37 ವರ್ಷದ್ದು. ಅದು ಸಿಕ್ಕಿದ್ದು ದೊಡ್ಡ ಮೀನುಗಳು ಬಹಳಷ್ಟು ಬೇಟೆಯಾಗಿ ಹೋದ ಮೇಲೆ. ಹಾಗಾಗಿ ಅದಕ್ಕಿಂತ ಹೆಚ್ಚು ಬದುಕಬಲ್ಲದು ಅಂತ ಅಂದಾಜು.

ಹೊನ್ನಾವರದವರು ಹೇಳಿದ ಲೆಕ್ಕ ಸರಿ. 61ರಿಂದ 91 ಸೆಂಟಿಮೀಟರಿನ ಮೀನು ಅಂದರೆ ಕಾಂಡ್ಲಾ ಬಿಟ್ಟು ಹೊರಬರದ ಮೀನು.

ಮಲ್ಪೆ ಬೋಟ್

ಎಂಥ ಮಾರಾಯ್ರೆ, ಕಾಂಡ್ಲಾ ಮೇಡಂ, ಬಂಡೆ ಮೀನು ಹಿನ್ನೀರಲ್ಲಿ ಐದು ವರ್ಷ ಕೂತಿರುತ್ತದಾ? ಹಾಗಾದರೆ ಬಂಡೆ ಕಾಯುವುದಕ್ಕಿಂತ ಮೊದಲು ಅಳಿವೆ ಕಾಯಬೇಕಲ್ಲ.

ಕಾಂಡ್ಲಾ

ಅದೇ ಅಣ್ಣ, ನನ್ನ ವಾದವೂ ಅದೇ. ಫ್ಲೋರಿಡಾದ ನೈಋತ್ಯ ತುದಿಯಲ್ಲಿ ಟೆನ್ ಥೌಸಂಡ್ ಐಲ್ಯಾಂಡ್ಸ್ ಅಂತ ಇದೆ. ಪೂರ್ತಿ ಕೆಂಪು ಕಾಂಡ್ಲಾ ದಿಬ್ಬಗಳು, ನಡುನಡುವೆ ಉಪ್ಪು ಸಿಹಿ ಬೆರೆತ ಕಾಲುವೆಗಳು. ಗೋಲಿಯಾತ್ ಮರಿಗಳ ದೊಡ್ಡ ತೊಟ್ಟಿಲು ಅದು. ಕಾಂಡ್ಲಾ ಇದ್ದರಷ್ಟೇ ಸಾಲದು, ನೀರೂ ಚೆನ್ನಾಗಿರಬೇಕು. ಎವರ್‌ಗ್ಲೇಡ್ಸ್ ಜೌಗು ನಾಡಿನಿಂದ ಹರಿದು ಬರುತ್ತಿದ್ದ ಸಿಹಿನೀರನ್ನು ಕಳೆದ ಶತಮಾನದಲ್ಲಿ ಕಾಲುವೆ, ಒಡ್ಡು ಕಟ್ಟಿ ತಿರುಗಿಸಿಬಿಟ್ಟಿದ್ದಾರೆ. ಒಮ್ಮೆಗೇ ಸಿಹಿನೀರು ನುಗ್ಗಿದರೆ ಅಥವಾ ನೀರಲ್ಲಿ ಆಮ್ಲಜನಕ ಕಮ್ಮಿಯಾದರೆ ಮರಿಗಳು ಆ ಜಾಗದಲ್ಲಿ ನಿಲ್ಲುವುದಿಲ್ಲ.

ಇದರ ಮೇಲೆ ಚಳಿ. 2010ರ ಜನವರಿಯಲ್ಲಿ ದಕ್ಷಿಣ ಫ್ಲೋರಿಡಾಕ್ಕೆ ಅಪರೂಪದ ಚಳಿ ಬಂತು. ಆಳವಿಲ್ಲದ ಕಾಂಡ್ಲಾ ನೀರು ತಣ್ಣಗಾಗಿ ಮರಿಗಳು ಗುಂಪುಗುಂಪಾಗಿ ಸತ್ತವು. ಐದಾರು ವರ್ಷದ ಮರಿಗಳೆಲ್ಲ ಒಂದೇ ಕಡೆ ಇರುವುದರಿಂದ ಒಂದು ಕೆಟ್ಟ ವಾರ ಐದಾರು ವರ್ಷದ ಫಸಲನ್ನು ಒಟ್ಟಿಗೆ ಹೊಡೆಯುತ್ತದೆ. 2018ರಲ್ಲಿ ಕೆಂಪು ಪಾಚಿಯ ಹಾವಳಿ. ಅದು ಬಲಿತ ಮೀನುಗಳನ್ನೂ ಬಿಡಲಿಲ್ಲ, ಸ್ಯಾನಿಬೆಲ್ ದ್ವೀಪದ ಮರಳ ಮೇಲೆ ದೈತ್ಯ ಹೆಣಗಳು ಬಂದು ಬಿದ್ದವು.

200 ಮೀನಿನ ಬಗ್ಗೆ ಇಷ್ಟೆಲ್ಲ ಜಗಳ ಆಡುತ್ತೇವೆ. ತೊಟ್ಟಿಲಿಗೆ ಬರುವ ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಗಾಳದವರೂ ಇಲ್ಲ, ಕ್ಷಮಿಸಿ, ಡೈವಿಂಗ್‌ನವರೂ ಇಲ್ಲ.

ಟಾಂಪಾ ಗಾಳ

ಮೇಡಂ, ಏಡಿ ತಿನ್ನುವ ವಿಷಯ ಒಪ್ಪಿದೆ ಅಂತಿಟ್ಟುಕೊಳ್ಳಿ (ನನ್ನ ಕ್ಯಾಪ್ಟನ್ ಒಪ್ಪುವುದಿಲ್ಲ, ಅವನನ್ನು ನೀವೇ ನೋಡಿಕೊಳ್ಳಿ). ಆದರೆ ನೀವು ಈಗ ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ.

ಚಳಿಗೆ ಸಾಯುವುದು ಮರಿಗಳೇ. ಹೇಗೂ ನೂರರಲ್ಲಿ ಬಹಳಷ್ಟು ಬಂಡೆಯವರೆಗೆ ತಲುಪುವುದಿಲ್ಲ. ಹಾಗಿರುವಾಗ ಹಿಡಿಯಲೇಬೇಕು ಅಂದರೆ ಯಾವುದನ್ನು ಹಿಡಿಯಬೇಕು? ಎಲ್ಲ ಗಂಡಾಂತರ ದಾಟಿ ಬಂಡೆ ಸೇರಿ ವರ್ಷವರ್ಷವೂ ಮೊಟ್ಟೆ ಬಿಡುವ ದೊಡ್ಡದನ್ನೋ, ಇನ್ನೂ ಪರೀಕ್ಷೆ ಬರೆಯದ ಸಣ್ಣದನ್ನೋ? ಸಣ್ಣದನ್ನೇ. ಆಯೋಗ ಸುಮ್ನೆ ಆ ಅಳತೆ ಇಟ್ಟಿಲ್ಲ. ಮೊಟ್ಟೆ ಬಿಡಲು ಸೇರುವ ಆಗ್ನೇಯ ಕರಾವಳಿಯನ್ನು ಹೊರಗಿಟ್ಟಿದ್ದಾರೆ. ಹಂಗಾಮನ್ನೂ ಮೇ ಕೊನೆಗೆ ಮುಗಿಸುತ್ತಾರೆ, ಆಗಸ್ಟ್‌ಗೆ ಮುಟ್ಟಿಸುವುದಿಲ್ಲ. ಇದರಲ್ಲಿ ತಲೆ ಓಡಿಸಿದ್ದಾರೆ ಅಲ್ವಾ?

ಹೊನ್ನಾವರದವ

ತಲೆ ಓಡಿಸಿಲ್ಲ ಅಂತ ನಾನು ಹೇಳಿಲ್ಲ. ಹಿಡಿಯುವುದಾದರೆ ಸಣ್ಣದೇ ವಾಸಿ, ಸರಿ. ಆದರೆ 'ಹಿಡಿಯಲೇಬೇಕು' ಅನ್ನುವುದು ಎಲ್ಲಿಂದ ಬಂತು? ಆ ಮೊದಲ ಮೆಟ್ಟಿಲನ್ನು ನೀವು ಹಾರಿಬಿಟ್ಟಿರಿ.

ಮೀನು ವಾಪಸ್ ಬಂದಿದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟಕ್ಕೆ ವಾಪಸ್? ಹಿಂದೆ ನೂರಕ್ಕೂ ಹೆಚ್ಚು ಸೇರುತ್ತಿದ್ದ ಜಾಗಗಳಲ್ಲಿ 1980ರ ದಶಕದ ಕೊನೆಗೆ ಹತ್ತಕ್ಕಿಂತ ಕಡಿಮೆ ಉಳಿದಿದ್ದವು. ಅದಕ್ಕೆ ಹೋಲಿಸಿದರೆ ಈಗ ಜಾತ್ರೆಯೇ. ಆದರೆ ಹೋಲಿಸಬೇಕಾದ್ದು ಅತಿ ಕೆಟ್ಟ ವರ್ಷಕ್ಕಾ? ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 2018ರಲ್ಲಿ ಇದು 'ಗಂಭೀರ ಅಪಾಯ'ದಿಂದ ಮೇಲಕ್ಕೆ ಬಂತು, ಒಳ್ಳೆಯದೇ. ಬಂದು ನಿಂತಿದ್ದು 'ದುರ್ಬಲ' ಅನ್ನುವ ದರ್ಜೆಗೆ. ಅಪಾಯ ಕಳೆಯಿತು ಅಂತ ಅಲ್ಲಿ ಬರೆದಿಲ್ಲ.

ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಫ್ಲೋರಿಡಾದ ಕೀ ವೆಸ್ಟ್‌ನಲ್ಲಿ ಗಾಳದ ಬೋಟುಗಳು ದಡಕ್ಕೆ ಬಂದ ಮೇಲೆ ಹಿಡಿದ ಮೀನನ್ನು ಹಲಗೆಗೆ ನೇತುಹಾಕಿ ಫೋಟೊ ತೆಗೆಸುವ ವಾಡಿಕೆ. ಲೊರೆನ್ ಮ್ಯಾಕ್ಲೆನಕನ್ ಅನ್ನುವ ಸಂಶೋಧಕಿ 1956ರಿಂದ 2007ರವರೆಗಿನ ಅಂಥ ಫೋಟೊಗಳನ್ನು ಅಳೆದು ನೋಡಿದರು. 1950ರ ದಶಕದ ಫೋಟೊಗಳಲ್ಲಿ ಮನುಷ್ಯರಿಗಿಂತ ದೊಡ್ಡ ಗ್ರೂಪರ್‌ಗಳು ನೇತಾಡುತ್ತಿವೆ. ಬಹುಮಾನದ ಮೀನಿನ ಸರಾಸರಿ ತೂಕ ಸುಮಾರು 20 ಕಿಲೋ ಇದ್ದದ್ದು 2.3 ಕಿಲೋಗೆ ಇಳಿದಿದೆ. ಫೋಟೊದಲ್ಲಿರುವವರ ನಗು ಮಾತ್ರ ಅಷ್ಟೇ ಅಗಲ. ಪ್ರತಿ ತಲೆಮಾರೂ ತಾನು ಕಂಡದ್ದೇ ಪೂರ್ತಿ ಕಡಲು ಅಂದುಕೊಳ್ಳುತ್ತದೆ. ನಿಮ್ಮ ಕ್ಯಾಪ್ಟನ್ ಚಿಕ್ಕವನಿದ್ದಾಗ ಗೋಲಿಯಾತ್ ಇರಲಿಲ್ಲ. ಹಾಗಾಗಿ ಈಗಿರುವುದು ಅವನಿಗೆ ಅತಿಯಾಗಿ ಕಾಣುತ್ತದೆ.

ಅಡುಗೆಮನೆ ಅಕ್ಕ

ಎಲ್ಲರೂ ಇಷ್ಟು ಜಗಳ ಆಡುತ್ತಿದ್ದೀರಿ. ರುಚಿ ಹೇಗಿರುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ಮುರು ಮೀನಿನ ತಲೆ ಸಾರು ಗೊತ್ತಲ್ಲ, ಹಾಗೆಯೇ?

ಟಾಂಪಾ ಗಾಳ

ಅಕ್ಕ, ಲಾಟರಿ ಹೊಡೆದರೆ ಹೇಳುತ್ತೇನೆ 😄 ಸಣ್ಣದು ಬಿಳಿ ಮಾಂಸ, ಚೆನ್ನಾಗಿರುತ್ತದೆ ಅಂತ ಹಳಬರು ಹೇಳುತ್ತಾರೆ.

ಕಾಂಡ್ಲಾ

ದೊಡ್ಡದನ್ನಂತೂ ತಿನ್ನುವ ಹಾಗಿಲ್ಲ. ವರ್ಷಗಟ್ಟಲೆ ಬದುಕುವ ಮೀನಿನ ಮೈಯಲ್ಲಿ ಪಾದರಸ ಕೂಡುತ್ತಾ ಹೋಗುತ್ತದೆ. ದೊಡ್ಡ ಗೋಲಿಯಾತ್‌ಗಳಲ್ಲಿ ತಿನ್ನಲು ಸುರಕ್ಷಿತ ಅನ್ನುವ ಮಟ್ಟ ಮೀರಿ ಪಾದರಸ ಸಿಕ್ಕಿದೆ. ಸಣ್ಣ ಅಳತೆ ಇಟ್ಟಿದ್ದಕ್ಕೆ ಅದೂ ಒಂದು ಕಾರಣ. ಬಸುರಿಯರು, ಮಕ್ಕಳು ಇಂಥ ದೊಡ್ಡ ಮೀನುಗಳಿಂದ ದೂರ ಇರುವುದೇ ಒಳ್ಳೆಯದು. ತಲೆ ಸಾರಿಗೆ ಬೇರೆ ಮೀನು ನೋಡಿಕೊಳ್ಳಿ ಅಕ್ಕ.

ಮಲ್ಪೆ ಬೋಟ್

ನಂದು ಬೇರೆ ಪ್ರಶ್ನೆ. ನಮ್ಮಲ್ಲಿ ಮಳೆಗಾಲಕ್ಕೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, ಜೂನ್ 1ರಿಂದ ಜುಲೈ 31. ಆ ಎರಡು ತಿಂಗಳು ಬೋಟಿನ ಸಾಲ ನಿಲ್ಲುವುದಿಲ್ಲ, ಮಕ್ಕಳ ಫೀಸು ನಿಲ್ಲುವುದಿಲ್ಲ. ಆದರೂ ಬೋಟು ಕಟ್ಟಿ ಬಲೆ ಹೊಲಿಯುತ್ತಾ ಕೂರುತ್ತೇವೆ. ಮೀನು ಮರಿ ಹಾಕಲಿ ಅಂತ. ಬೈದುಕೊಂಡೇ ಒಪ್ಪಿದ್ದೇವೆ, ಆ ಮಾತು ಬೇರೆ.

ಅಲ್ಲಿ ಈ 200 ಮೀನಿನಿಂದ ಯಾರ ಮನೆಯ ಒಲೆ ಉರಿಯುತ್ತದೆ? 150 ಡಾಲರ್ ಕೊಟ್ಟು ಚೀಟಿ ತೆಗೆದುಕೊಳ್ಳುವವನಿಗೆ ಅದು ಶೋಕಿ. ಹಸಿವಿನಿಂದ ಹಿಡಿಯುವವನ ಹತ್ತಿರ ನಾನು ವಾದ ಮಾಡಲಾರೆ. ಶೋಕಿಯವನ ಹತ್ತಿರ ಮಾಡಬಲ್ಲೆ.

ಮತ್ತೆ ನಮ್ಮ ಕಡಲಲ್ಲಿ ಇಂಥದ್ದು ಇದೆಯಾ? ಅಜ್ಜ ಎರಡು ಆಳು ಸೇರಿ ಹೊರುವ ಮುರು ಮೀನಿನ ಕಥೆ ಹೇಳುತ್ತಿದ್ದರು.

ಕಾಂಡ್ಲಾ

ಇದೆ. ಇದರ ಅಣ್ಣನಂಥ ಜಾತಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿದೆ, ಜೈಂಟ್ ಗ್ರೂಪರ್. ಅದೂ ಎರಡು ಮೀಟರ್ ದಾಟುತ್ತದೆ. ಭಾರತದಲ್ಲಿ 2001ರಲ್ಲಿ ತಿಮಿಂಗಿಲ ಶಾರ್ಕ್, ಸಮುದ್ರ ಕುದುರೆಗಳ ಜೊತೆ ಅದನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟಕ್ಕೆ ಸೇರಿಸಿದರು. ಅಂದರೆ ಹುಲಿಗೆ ಕೊಟ್ಟ ರಕ್ಷಣೆಯೇ. ಬಂದರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ ಅಂತ ನೀವೇ ಹೇಳಿ.

ಇನ್ನೊಂದು ಹತ್ತಿರದ ಕಥೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಲಕ್ಷದ್ವೀಪದ ಬಿತ್ರಾ ದ್ವೀಪದಲ್ಲಿ ಚೌಕ ಬಾಲದ ಗ್ರೂಪರ್ ಮೇಲೆ ಕೆಲಸ ಮಾಡಿದ್ದಾರೆ. ಅದು ಇಷ್ಟು ದೊಡ್ಡದಲ್ಲ. ಆದರೆ ಅದೂ ಅಮಾವಾಸ್ಯೆಯ ಲೆಕ್ಕದಲ್ಲೇ ಒಂದು ಜಾಗದಲ್ಲಿ ಭಾರಿ ಸಂಖ್ಯೆಯಲ್ಲಿ ಸೇರುತ್ತದೆ. ಗ್ರೂಪರ್‌ಗಳ ದೊಡ್ಡ ದೌರ್ಬಲ್ಯ ಇದು. ಕಡಲ ತುಂಬ ಚದುರಿದ ಮೀನು ವರ್ಷಕ್ಕೆ ಕೆಲವು ದಿನ ಒಂದೇ ಅಂಗಳಕ್ಕೆ ಬರುತ್ತದೆ. ಆ ದಿನ, ಆ ಅಂಗಳ ಗೊತ್ತಾದವನು ಮನಸ್ಸು ಮಾಡಿದರೆ ಕೆಲವೇ ಹಂಗಾಮಿನಲ್ಲಿ ಮುಗಿಸಬಹುದು. ಕ್ಯಾರಿಬಿಯನ್‌ನಲ್ಲಿ ನಸ್ಸಾವ್ ಗ್ರೂಪರ್‌ಗೆ ಹಾಗೇ ಆಯಿತು. ಒಂದಾದ ಮೇಲೊಂದು ಸೇರುವ ಜಾಗಗಳೇ ಇಲ್ಲವಾದವು.

ಹೊನ್ನಾವರದವ

ಚೀಟಿ ಇಲ್ಲದೆಯೂ ಗೋಲಿಯಾತ್ ಗಾಳಕ್ಕೆ ಬೀಳುತ್ತದೆ, ಆಟಕ್ಕೆ ಹಿಡಿದು ಬಿಡುವವರೂ ಬಹಳ. ಅಂಥವರು ಇದಿಷ್ಟು ಓದಿ. ದೊಡ್ಡದನ್ನು ಬೋಟಿನ ಮೇಲೆ ಎಳೆಯಬೇಡಿ, ನಿಯಮವೂ ಬಿಡುವುದಿಲ್ಲ. ನೀರಿಲ್ಲದೆ ಅದರ ಎಲುಬು ಅದರ ಭಾರವನ್ನು ತಡೆಯುವುದಿಲ್ಲ, ಒಳಗೆ ಪೆಟ್ಟಾಗುತ್ತದೆ. ಮೇಲಿಂದ ಈಜಿಕೊಂಡು ಹೋದ ಮೀನು ಕೆಳಗೆ ಹೋಗಿ ಸಾಯಬಹುದು. ಆಳದಿಂದ ಬಂದಿದ್ದರೆ ಈಜುಚೀಲ ಉಬ್ಬಿ ಹೊಟ್ಟೆ ಮೇಲಾಗಿ ತೇಲುತ್ತದೆ. ಆಗ ಭಾರ ಕಟ್ಟಿದ ಇಳಿಸುವ ಸಾಧನದಿಂದ ಕೆಳಗೆ ಕಳಿಸಬೇಕು. ಗಟ್ಟಿ ನೂಲು ಹಾಕಿ, ಬೇಗ ಮುಗಿಸಿ. ಗಂಟೆಗಟ್ಟಲೆ ಆಡಿಸುವುದು ಶೌರ್ಯ ಅಲ್ಲ. ಫೋಟೊ ಬೇಕಿದ್ದರೆ ಗಾಳ ಬಿಡಿಸುವಾಗಲೇ, ನೀರಿನಲ್ಲೇ.

ಟಾಂಪಾ ಗಾಳ

ಇದಕ್ಕೆ ನನ್ನ ತಕರಾರಿಲ್ಲ. ಬೋಟಿನ ಮೇಲೆ ಎಳೆದು ಮೇಲೆ ಕೂತು ಫೋಟೊ ತೆಗೆಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ಲಾಟರಿಗೆ ಮಾತ್ರ ಅರ್ಜಿ ಹಾಕೇ ಹಾಕುತ್ತೇನೆ. ಒಂದು ಮಾತು ಮರೆಯಬೇಡಿ, ಹಿಡಿದವರು ಮೀನಿನ ರೆಕ್ಕೆಯ ತುಂಡು ಕೊಡಬೇಕು, ಎಲ್ಲಿ ಯಾವಾಗ ಸಿಕ್ಕಿತು ಅಂತ ಬರೆದು ಕೊಡಬೇಕು. 33 ವರ್ಷ ಯಾರೂ ಹಿಡಿಯದೆ ಆ ಲೆಕ್ಕವೇ ಇರಲಿಲ್ಲ.

ಹೊನ್ನಾವರದವ

ರೆಕ್ಕೆಯ ತುಂಡಿಗೆ ಮೀನು ಸಾಯಬೇಕಿಲ್ಲ ಸರ್. ಬೆನ್ನಿನ ರೆಕ್ಕೆಯ ಕಡ್ಡಿ ಸ್ವಲ್ಪ ಕತ್ತರಿಸಿ, ಅದರ ಉಂಗುರ ಎಣಿಸಿ, ವಯಸ್ಸು ತಿಳಿದು, ಮೀನನ್ನು ಜೀವಂತ ವಾಪಸ್ ಬಿಟ್ಟಿದ್ದಾರೆ. ಮೇಡಂ ಹೇಳಿದ ತಂಡದವರೇ. ಅರ್ಜಿ ಹಾಕಿ, ನಿಮ್ಮ ಹಕ್ಕು. ಸಿಗದಿರಲಿ ಅಂತ ನಾನು ಹರಕೆ ಹೊರುತ್ತೇನೆ.

ಮಲ್ಪೆ ಬೋಟ್

😂

ಕಾಂಡ್ಲಾ ಮೇಡಂ, ನಮ್ಮ ಹಳೆಯ ಗಾಳದವರೊಬ್ಬರಿಗೆ ಮಳೆಗಾಲ ಮುಗಿದ ಮೇಲೆ ಮುರು ಮೀನು ಗುಂಪಾಗಿ ಸೇರುವ ಕಲ್ಲು ಗೊತ್ತು. ಯಾವ ಕಲ್ಲು, ದಡದ ಯಾವ ಗುರುತು ಹಿಡಿದು ಹೋಗಬೇಕು, ಎಲ್ಲ ಬಾಯಲ್ಲೇ ಇದೆ. ನೇತ್ರಾಣಿ ದ್ವೀಪದ ಕಡೆಯದ್ದೂ ಗೊತ್ತಂತೆ. ಕೇಳಿ ಇಲ್ಲಿ ಹಾಕಲಾ?

ಕಾಂಡ್ಲಾ

ಅಯ್ಯೋ ಬೇಡ ಅಣ್ಣ, ಇಲ್ಲಿ ಹಾಕಬೇಡಿ! ಅಂಥ ಜಾಗದ ಗುರುತು ಎಲ್ಲರಿಗೂ ಕಾಣುವಂತೆ ಬರೆದರೆ ಮುಂದಿನ ಅಮಾವಾಸ್ಯೆಗೆ ಅಲ್ಲಿ ಹತ್ತು ಬೋಟು ನಿಂತಿರುತ್ತದೆ. ನನಗೆ ಖಾಸಗಿಯಾಗಿ ಸಂದೇಶ ಕಳಿಸಿ. ಅವರು ಮಾತಾಡಲು ಒಪ್ಪಿದರೆ ನಾನೇ ಮಲ್ಪೆಗೆ ಬರುತ್ತೇನೆ. ಯಾವ ತಿಂಗಳು, ಚಂದ್ರನ ಯಾವ ಪಕ್ಷ, ಹೊಟ್ಟೆಯಲ್ಲಿ ಮೊಟ್ಟೆ ಇತ್ತಾ, ಮೊದಲು ಎಷ್ಟು ಸಿಗುತ್ತಿತ್ತು, ಇಷ್ಟನ್ನು ಮಾತ್ರ ಈಗ ಕೇಳಿಟ್ಟುಕೊಳ್ಳಿ.

ಮಲ್ಪೆ ಬೋಟ್

ಆಯ್ತು, ಕಳಿಸುತ್ತೇನೆ. ಅವರು ಮಧ್ಯಾಹ್ನ ಮಲಗುತ್ತಾರೆ, ಸಂಜೆ ನಾಲ್ಕರ ಮೇಲೆ ಬನ್ನಿ. ಹೊಟ್ಟೆಯಲ್ಲಿ ಮೊಟ್ಟೆ ಇರುತ್ತಿತ್ತು, ಅದು ನನಗೇ ಗೊತ್ತು. ಅಜ್ಜಿ ಅದನ್ನು ಬೇರೆ ತೆಗೆದಿಟ್ಟು ಹುರಿಯುತ್ತಿದ್ದರು.